ಇಳಿಯುವ ಮುಂಚೆ ಮೂರು ತಿಂಗಳು: ಆರ್ಬಿಟರ್ ಮತ್ತು ರೋವರ್ ಜೊತೆಯಾಗಿ ಮಂಗಳಕ್ಕೆ ಹೋದ ಕತೆ

1971ರ ನವೆಂಬರ್ ಕೊನೆಯಲ್ಲಿ ಸೋವಿಯತ್ ಒಕ್ಕೂಟದ ಮಾರ್ಸ್-2 ಮತ್ತು ಮಾರ್ಸ್-3 ನೌಕೆಗಳು ಮಂಗಳದ ಹತ್ತಿರ ಬಂದವು. ಆ ಹೊತ್ತಿಗೆ ಅಲ್ಲಿ ಇಡೀ ಗ್ರಹವನ್ನೇ ಮುಚ್ಚಿಹಾಕಿದ ಧೂಳಿನ ಬಿರುಗಾಳಿ ಎದ್ದಿತ್ತು. ಆದರೂ ಎರಡೂ ನೌಕೆಗಳು ಕಕ್ಷೆ ಸೇರುವ ಮುಂಚೆಯೇ ನೆಲಕ್ಕೆ ಇಳಿಯಬೇಕಾದ ತಮ್ಮ ಲ್ಯಾಂಡರ್‌ಗಳನ್ನು ಕೆಳಗೆ ಬಿಟ್ಟವು. ಬೇಡ, ಸ್ವಲ್ಪ ತಡೆಯಿರಿ ಎಂದು ಹೇಳುವ ದಾರಿಯೇ ಇರಲಿಲ್ಲ. ಯಾವ ಹೊತ್ತಿಗೆ ಏನು ಮಾಡಬೇಕೆಂದು ಮೊದಲೇ ಬರೆದು ಕಳಿಸಿ ಆಗಿತ್ತು. ಮಾರ್ಸ್-2ರ ಲ್ಯಾಂಡರ್ ನೆಲಕ್ಕೆ ಅಪ್ಪಳಿಸಿ ಒಡೆಯಿತು. ಮಾರ್ಸ್-3ರದು ಡಿಸೆಂಬರ್ 2ರಂದು ಮೆತ್ತಗೆ ಇಳಿಯಿತು, ಸುಮಾರು 20 ಸೆಕೆಂಡ್ ಸಂಕೇತ ಕಳಿಸಿತು, ಆಮೇಲೆ ಮಾತೇ ಇಲ್ಲ.

ಅದೇ ನವೆಂಬರ್ 14ರಂದು ಅಮೆರಿಕದ ಮ್ಯಾರಿನರ್-9 ಕೂಡ ಅಲ್ಲಿಗೆ ಬಂದಿತ್ತು. ಅದರ ಕ್ಯಾಮೆರಾಗೂ ಕಂಡಿದ್ದು ಹೆಚ್ಚುಕಡಿಮೆ ಬರೀ ಧೂಳು. ಆದರೆ ಅದರಲ್ಲಿ ಲ್ಯಾಂಡರ್ ಇರಲಿಲ್ಲ, ಅವಸರವೂ ಇರಲಿಲ್ಲ. ಮಂಗಳವನ್ನು ಸುತ್ತುತ್ತಾ ಕಾಯಿತು. ಮುಂದಿನ ವರ್ಷದ ಮೊದಲ ತಿಂಗಳುಗಳಲ್ಲಿ ಧೂಳು ತಗ್ಗಿದ ಮೇಲೆ ಗ್ರಹದ ಬಹುಪಾಲು ನೆಲದ ಫೋಟೊ ತೆಗೆಯಿತು.

ಬೇರೆ ಗ್ರಹಕ್ಕೆ ನೌಕೆ ಕಳಿಸುವ ಸುದ್ದಿ ಬಂದಾಗೆಲ್ಲ ಹೆಸರು ಬರುವುದು ರೋವರ್‌ಗೆ. ಚಕ್ರ ಇರುತ್ತದೆ, ಓಡಾಡುತ್ತದೆ, ಸೆಲ್ಫಿ ಕಳಿಸುತ್ತದೆ. ಮೇಲೆ ಸುಮ್ನೆ ಸುತ್ತುವ ಆರ್ಬಿಟರ್ ಯಾರಿಗೂ ನೆನಪಿರುವುದಿಲ್ಲ. ನನಗಂತೂ ಕೆಲಸದ ಭಾರ ಜಾಸ್ತಿ ಬೀಳುವುದು ಆರ್ಬಿಟರ್ ಮೇಲೆಯೇ ಅನ್ನಿಸುತ್ತದೆ. ಇದನ್ನು ನೋಡಲು ಒಳ್ಳೆಯ ಉದಾಹರಣೆ ಚೀನಾದ ತಿಯಾನ್‌ವೆನ್-1. ಆರ್ಬಿಟರ್, ಲ್ಯಾಂಡರ್, ರೋವರ್ ಮೂರನ್ನೂ ಒಂದೇ ರಾಕೆಟ್‌ನಲ್ಲಿ ಕಟ್ಟಿ ಕಳಿಸಿ, ಮೂರೂ ಕೆಲಸವನ್ನು ಒಂದೇ ಯಾತ್ರೆಯಲ್ಲಿ ಮುಗಿಸಿದ ನೌಕೆ ಅದು. ಮಂಗಳಕ್ಕೆ ತನ್ನದೇ ಆದ ಮೊದಲ ಪ್ರಯತ್ನದಲ್ಲೇ ಇಷ್ಟನ್ನು ಮಾಡಿದವರು ಬೇರೆ ಯಾರೂ ಇಲ್ಲ.

‘ತನ್ನದೇ ಆದ’ ಎಂದು ಹೇಳಿದ್ದಕ್ಕೆ ಕಾರಣ ಇದೆ. 2011ರ ನವೆಂಬರಿನಲ್ಲಿ ಚೀನಾ ಯಿಂಗ್‌ಹುವೊ-1 ಎಂಬ ಪುಟ್ಟ ಆರ್ಬಿಟರನ್ನು ರಷ್ಯಾದ ಫೋಬೋಸ್-ಗ್ರುಂಟ್ ನೌಕೆಯ ಮೇಲೆ ಹೊರಿಸಿ ಕಳಿಸಿತ್ತು. ಆ ನೌಕೆ ಭೂಮಿಯ ಕಕ್ಷೆಯನ್ನೇ ದಾಟಲಿಲ್ಲ. 2012ರ ಜನವರಿಯಲ್ಲಿ ಎರಡೂ ವಾತಾವರಣಕ್ಕೆ ಬಿದ್ದು ನಾಶವಾದವು. ಮುಂದಿನ ಸಲ ಯಾರ ಬೆನ್ನನ್ನೂ ಏರದೆ ಹೋಗಬೇಕೆಂದು ಅವರು ಅಂದುಕೊಂಡಿದ್ದರೆ ಆಶ್ಚರ್ಯ ಇಲ್ಲ.

ಯಾವಾಗ ಹೊರಡಬೇಕು?

ಮಂಗಳಕ್ಕೆ ಬೇಕೆಂದಾಗ ಹೊರಡಲು ಆಗುವುದಿಲ್ಲ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಓಡುತ್ತದೆ. ಮಂಗಳ ಇನ್ನೂ ಹೊರಗಿನ ದಾರಿಯಲ್ಲಿ ಸುಮಾರು 24 ಕಿ.ಮೀ. ವೇಗದಲ್ಲಿ ಓಡುತ್ತದೆ. ಭೂಮಿಯಿಂದ ಹೊರಟ ನೌಕೆಗೆ ಭೂಮಿಯ ಈ 30 ಕಿ.ಮೀ. ವೇಗ ಪುಕ್ಕಟೆಯಾಗಿ ಸಿಗುತ್ತದೆ. ಅದರ ಮೇಲೆ ಇನ್ನೂ ಸುಮಾರು 3 ಕಿ.ಮೀ. ಸೇರಿಸಿದರೆ ನೌಕೆಯ ದಾರಿ ಹಿಗ್ಗುತ್ತದೆ. ಸೂರ್ಯನ ಸುತ್ತ ಅರ್ಧ ಸುತ್ತು ಬರುವಷ್ಟರಲ್ಲಿ ಅದು ಮಂಗಳದ ದಾರಿಯನ್ನು ಮುಟ್ಟುತ್ತದೆ. ಮಧ್ಯದಲ್ಲಿ ಎಂಜಿನ್ ಉರಿಸುವ ಕೆಲಸ ಬಹಳ ಕಡಿಮೆ. ಸೂರ್ಯನ ಸೆಳೆತವೇ ನೌಕೆಯನ್ನು ಬಾಗಿಸಿ ತಲುಪಿಸುತ್ತದೆ.

ದಾರಿ ಮುಟ್ಟಿದರೆ ಸಾಲದು, ಆ ಹೊತ್ತಿಗೆ ಮಂಗಳವೂ ಅಲ್ಲಿರಬೇಕು ಅಲ್ವಾ? ಪ್ರಯಾಣಕ್ಕೆ ಆರೂವರೆಯಿಂದ ಏಳೆಂಟು ತಿಂಗಳು ಬೇಕು. ಅಷ್ಟರಲ್ಲಿ ಮಂಗಳ ತನ್ನ ದಾರಿಯಲ್ಲಿ ಬಹುದೂರ ಓಡಿರುತ್ತದೆ. ಲೆಕ್ಕ ಹಾಕಿದರೆ, ಹೊರಡುವ ದಿನ ಮಂಗಳ ಭೂಮಿಗಿಂತ ಸುಮಾರು 44 ಡಿಗ್ರಿ ಮುಂದಿರಬೇಕು. ಈ ಜೋಡಣೆ ಕೂಡಿ ಬರುವುದು 26 ತಿಂಗಳಿಗೊಮ್ಮೆ. ಅದೂ ಕೆಲವು ವಾರ ಮಾತ್ರ ಇರುತ್ತದೆ.

2020ರ ಜುಲೈನಲ್ಲಿ ಆ ಬಾಗಿಲು ತೆರೆದಿತ್ತು. ಜಪಾನಿನ ರಾಕೆಟ್ ಏರಿ ಯುಎಇಯ ಹೋಪ್ ಹೊರಟಿತು. ಜುಲೈ 23ರಂದು ತಿಯಾನ್‌ವೆನ್-1, ಜುಲೈ 30ರಂದು ಅಮೆರಿಕದ ಪರ್ಸಿವರೆನ್ಸ್ ರೋವರ್. ನಾಲ್ಕನೆಯದೊಂದು ಹೊರಡಬೇಕಿತ್ತು: ಯುರೋಪ್ ಮತ್ತು ರಷ್ಯಾ ಸೇರಿ ಮಾಡುತ್ತಿದ್ದ ರೋಸಲಿಂಡ್ ಫ್ರಾಂಕ್ಲಿನ್ ರೋವರ್. ಪ್ಯಾರಾಶೂಟ್ ಪರೀಕ್ಷೆ ಮುಂತಾದ ಕೆಲಸ ಮುಗಿದಿರಲಿಲ್ಲ. 2022ಕ್ಕೆ ಹೋಗೋಣ ಎಂದುಕೊಂಡರು. ಅಷ್ಟರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಜೊತೆಗಿನ ಒಪ್ಪಂದವೇ ಮುರಿಯಿತು. ಕೆಲವೇ ತಿಂಗಳ ಕೆಲಸ ಬಾಕಿ ಉಳಿದಿದ್ದಕ್ಕೆ ರೋವರ್‌ನ ಹಣೆಬರಹವೇ ಬದಲಾಯಿತು. 26 ತಿಂಗಳು ಎಂದರೆ ಇಷ್ಟು ದುಬಾರಿ.

ಚೀನಾಕ್ಕೂ ಆ ಭಯ ಇತ್ತು. ಸುಮಾರು 5 ಟನ್ ತೂಕದ ತಿಯಾನ್‌ವೆನ್-1ನ್ನು ನೇರವಾಗಿ ಮಂಗಳದ ದಾರಿಗೆ ಎಸೆಯಬಲ್ಲ ಒಂದೇ ರಾಕೆಟ್ ಅವರ ಬಳಿ ಇತ್ತು: ಲಾಂಗ್ ಮಾರ್ಚ್-5. ಅದು 2017ರ ಜುಲೈನಲ್ಲಿ ತನ್ನ ಎರಡನೇ ಹಾರಾಟದಲ್ಲೇ ಸೋತು ಸಮುದ್ರಕ್ಕೆ ಬಿದ್ದಿತ್ತು. ಎಂಜಿನ್ ಸರಿಪಡಿಸಿ ಮತ್ತೆ ಹಾರಿಸುವಷ್ಟರಲ್ಲಿ 2019ರ ಡಿಸೆಂಬರ್ 27 ಆಗಿತ್ತು. ಅದೂ ಸೋತಿದ್ದರೆ ಮಂಗಳಯಾತ್ರೆ 2022ಕ್ಕೆ ಹೋಗುತ್ತಿತ್ತು. ಗೆದ್ದಿದ್ದರಿಂದ ಏಳೇ ತಿಂಗಳಲ್ಲಿ ಹೈನಾನ್ ದ್ವೀಪದ ವೆನ್‌ಚಾಂಗ್‌ನಿಂದ ನೌಕೆ ಮೇಲೇರಿತು. ಹಾರಿದ ಸುಮಾರು 36 ನಿಮಿಷಕ್ಕೆ ರಾಕೆಟ್‌ನಿಂದ ಬೇರೆಯಾಗಿ ಭೂಮಿಯನ್ನು ಬಿಟ್ಟು ಹೊರಟೇಹೋಯಿತು.

ಇದಕ್ಕೆ ಪೂರ್ತಿ ಉಲ್ಟಾ ದಾರಿ ನಮ್ಮ ಮಂಗಳಯಾನದ್ದು. 2013ರ ನವೆಂಬರ್ 5ರಂದು ಹೊರಟ ಆ ಆರ್ಬಿಟರ್‌ನ ತೂಕ 1,337 ಕೆ.ಜಿ. ಹೊತ್ತಿದ್ದು ಪಿಎಸ್‌ಎಲ್‌ವಿ. ಅದಕ್ಕೆ ನೇರವಾಗಿ ಮಂಗಳದ ದಾರಿಗೆ ಎಸೆಯುವ ಶಕ್ತಿ ಇಲ್ಲ. ಹಾಗಾಗಿ ಭೂಮಿಯ ಸುತ್ತಲೇ ಸುತ್ತಿಸಿ, ಪ್ರತಿ ಸಲ ಭೂಮಿಗೆ ಹತ್ತಿರ ಬಂದಾಗ ನೌಕೆಯ ಎಂಜಿನನ್ನು ಸ್ವಲ್ಪ ಉರಿಸಿ, ಕಕ್ಷೆಯನ್ನು ಹಂತ ಹಂತವಾಗಿ ಹಿಗ್ಗಿಸಿದರು. ಡಿಸೆಂಬರ್ 1ರ ನಡುರಾತ್ರಿ ಕೊನೆಯ ಸಲ ಎಂಜಿನ್ ಉರಿದು ನೌಕೆ ಭೂಮಿಯ ಹಿಡಿತ ಬಿಟ್ಟಿತು. ಜಾಣತನದ ಉಪಾಯ, ಸಂದೇಹ ಇಲ್ಲ. ಆದರೆ ಈ ದಾರಿಯಲ್ಲಿ ಒಂದು ಟನ್ನಿಗೂ ಹೆಚ್ಚು ತೂಗುವ ಲ್ಯಾಂಡರನ್ನು ಜೊತೆಗೆ ಒಯ್ಯಲು ಆಗುತ್ತಿರಲಿಲ್ಲ. ಇಳಿಯಬೇಕು ಎಂದರೆ ತೂಕ ಬೇಕು, ತೂಕ ಎಂದರೆ ದೊಡ್ಡ ರಾಕೆಟ್.

ಏಳು ತಿಂಗಳ ದಾರಿ

2020ರ ಅಕ್ಟೋಬರಿನಲ್ಲಿ ಮಂಗಳ ಭೂಮಿಗೆ ಸುಮಾರು 6.2 ಕೋಟಿ ಕಿ.ಮೀ. ಹತ್ತಿರ ಬಂದಿತ್ತು. ತಿಯಾನ್‌ವೆನ್-1 ಓಡಿದ್ದು ಮಾತ್ರ ಸುಮಾರು 47.5 ಕೋಟಿ ಕಿ.ಮೀ. ಸೂರ್ಯನನ್ನು ಬಳಸಿಕೊಂಡು ಹೋಗುವ ದಾರಿ ಇಷ್ಟು ಉದ್ದ.

ಈ ದಾರಿಯಲ್ಲಿ ನಾಲ್ಕು ಸಲ ಸಣ್ಣಪುಟ್ಟ ತಿದ್ದುಪಡಿ ಮಾಡಿದರು. ಅಕ್ಟೋಬರ್ 9ರಂದು ದೊಡ್ಡ ಎಂಜಿನನ್ನು ಎಂಟು ನಿಮಿಷ ಉರಿಸಿ ದಾರಿಯನ್ನೇ ಸ್ವಲ್ಪ ಹೊರಳಿಸಿದರು. ಹೊರಟ ದಿನದ ವೇಗದಲ್ಲಿ ಸೆಕೆಂಡಿಗೆ ಒಂದು ಮೀಟರ್ ತಪ್ಪಿದ್ದರೂ ಏಳು ತಿಂಗಳಲ್ಲಿ ಅದು ಸಾವಿರಾರು ಕಿ.ಮೀ. ಆಗಿ ಬೆಳೆಯುತ್ತದೆ. ಬೇಗ ತಿದ್ದಿದಷ್ಟೂ ಇಂಧನ ಉಳಿತಾಯ. ನಡುವೆ ನೌಕೆ ಒಂದು ಪುಟ್ಟ ಕ್ಯಾಮೆರಾವನ್ನು ಹೊರಗೆ ಬಿಟ್ಟು, ತನ್ನದೇ ಫೋಟೊ ತೆಗೆಸಿಕೊಂಡಿತು. ವಿಜ್ಞಾನಕ್ಕೆ ಅದರಿಂದ ದೊಡ್ಡ ಲಾಭ ಇರಲಿಲ್ಲ, ಆದರೂ ಚೆಂದದ ಫೋಟೊ.

ಬ್ರೇಕ್

ಮಂಗಳದ ಹತ್ತಿರ ಬಂದ ನೌಕೆಯ ವೇಗ ಜಾಸ್ತಿ ಇರುತ್ತದೆ. ಸುಮ್ಮನೆ ಬಿಟ್ಟರೆ ಮಂಗಳದ ಪಕ್ಕದಿಂದ ಹಾದು ಸೂರ್ಯನ ಸುತ್ತ ಹೊರಟುಬಿಡುತ್ತದೆ. ಅದನ್ನು ಮಂಗಳದ ಸೆಳೆತಕ್ಕೆ ಒಪ್ಪಿಸಬೇಕಾದರೆ ಮಂಗಳಕ್ಕೆ ತೀರಾ ಹತ್ತಿರ ಇರುವ ಹೊತ್ತಿನಲ್ಲೇ ಎಂಜಿನನ್ನು ಓಟದ ದಿಕ್ಕಿಗೆ ತಿರುಗಿಸಿ ಉರಿಸಬೇಕು. ಕಡಿಮೆ ಉರಿದರೆ ನೌಕೆ ಕೈ ತಪ್ಪುತ್ತದೆ. ಜಾಸ್ತಿ ಉರಿದರೆ ಬೇಕಿಲ್ಲದ ಕಡೆ ಕೆಳಗಿಳಿಯುತ್ತದೆ. ಎರಡನೇ ಅವಕಾಶ ಇಲ್ಲ.

2021ರ ಫೆಬ್ರವರಿ 10ರಂದು ತಿಯಾನ್‌ವೆನ್-1ರ 3,000 ನ್ಯೂಟನ್ (ತಳ್ಳುವ ಬಲದ ಅಳತೆ) ಎಂಜಿನ್ ಸುಮಾರು 15 ನಿಮಿಷ ಉರಿಯಿತು. ಆಗ ಮಂಗಳ ಭೂಮಿಯಿಂದ ಸುಮಾರು 19.2 ಕೋಟಿ ಕಿ.ಮೀ. ದೂರ ಇತ್ತು. ರೇಡಿಯೋ ಸಂಕೇತ ಒಂದು ಕಡೆಗೆ ಹೋಗಲು ಹತ್ತು ನಿಮಿಷಕ್ಕಿಂತ ಹೆಚ್ಚು. ‘ಎಂಜಿನ್ ಹೊತ್ತಿತು’ ಎಂಬ ಸುದ್ದಿ ಬೀಜಿಂಗ್‌ಗೆ ಬರುವಷ್ಟರಲ್ಲಿ ಮೂರನೇ ಎರಡು ಭಾಗ ಉರಿದು ಮುಗಿದಿರುತ್ತದೆ. ಹಾಗಾಗಿ ಅಲ್ಲಿ ಕೂತವರು ಏನೂ ಮಾಡುವಂತಿಲ್ಲ. ನೌಕೆ ತಾನೇ ವೇಗ ಅಳೆದು, ತಾನೇ ಎಂಜಿನ್ ನಿಲ್ಲಿಸಬೇಕು.

ಬೆಂಗಳೂರಿನ ಪೀಣ್ಯದಲ್ಲಿರುವ, ನೌಕೆಗಳ ಜೊತೆ ಸಂಪರ್ಕ ಇಡುವ ಇಸ್ರೋದ ಇಸ್ಟ್ರಾಕ್ ಕೇಂದ್ರದವರು ಇದೇ ಸಂಕಟವನ್ನು 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಅನುಭವಿಸಿದ್ದರು. ಅವರಿಗೆ ಇನ್ನೊಂದು ತಲೆನೋವೂ ಇತ್ತು. ಮಂಗಳಯಾನದ ದೊಡ್ಡ ಎಂಜಿನ್ ಸುಮಾರು 300 ದಿನ ಉರಿದೇ ಇರಲಿಲ್ಲ. ಹೊತ್ತುತ್ತದೋ ಇಲ್ಲವೋ ನೋಡಲು ಎರಡು ದಿನ ಮೊದಲು 4 ಸೆಕೆಂಡ್ ಉರಿಸಿ ಪರೀಕ್ಷೆ ಮಾಡಿದರು. ಅದರ ಶಕ್ತಿ ಬರೀ 440 ನ್ಯೂಟನ್, ಆದ್ದರಿಂದ ಬ್ರೇಕ್ ಹಾಕಲು 24 ನಿಮಿಷ ಬೇಕಾಯಿತು. ಬೆಂಗಳೂರಿನ ಹೊರಗಿರುವ ಬ್ಯಾಲಾಳುವಿನ 32 ಮೀಟರ್ ಅಗಲದ ಆಂಟೆನಾ ಆ ನೌಕೆಯ ಜೊತೆ ವರ್ಷಗಟ್ಟಲೆ ಮಾತಾಡಿತು. ದೂರದ ನೌಕೆಯ ಸಂಕೇತ ಎಷ್ಟು ಕ್ಷೀಣ ಎಂದರೆ ಚಿಕ್ಕ ಆಂಟೆನಾದಲ್ಲಿ ಅದು ಸಿಗುವುದೇ ಇಲ್ಲ. ಚೀನಾದವರು ಇದಕ್ಕೆಂದೇ ಟಿಯಾಂಜಿನ್ ಬಳಿ 70 ಮೀಟರ್ ಆಂಟೆನಾ ಕಟ್ಟಿದರು. ಭೂಮಿ ತಿರುಗಿ ತಮ್ಮ ದೇಶ ಮಂಗಳಕ್ಕೆ ಬೆನ್ನು ಮಾಡಿದಾಗಲೂ ಸಂಪರ್ಕ ಇರಲಿ ಎಂದು ಅರ್ಜೆಂಟೀನಾದಲ್ಲೂ ಅವರದೊಂದು ಆಂಟೆನಾ ಇದೆ.

ನೇರವಾಗಿ ಏಕೆ ಇಳಿಯಲಿಲ್ಲ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ತಿಯಾನ್‌ವೆನ್-1 ತಲುಪಿದ ಎಂಟು ದಿನಕ್ಕೆ, ಫೆಬ್ರವರಿ 18ರಂದು, ಪರ್ಸಿವರೆನ್ಸ್ ಬಂದಿತು. ಅದು ಕಕ್ಷೆಗೆ ಹೋಗಲೇ ಇಲ್ಲ. ಭೂಮಿಯಿಂದ ಬಂದ ವೇಗದಲ್ಲೇ ವಾತಾವರಣಕ್ಕೆ ನುಗ್ಗಿ, ಅದೇ ದಿನ ನೆಲದ ಮೇಲಿತ್ತು. ತಿಯಾನ್‌ವೆನ್-1 ಮಾತ್ರ ಮೂರು ತಿಂಗಳು ಸುತ್ತುತ್ತಲೇ ಇತ್ತು. ಯಾಕೆ?

ಅಮೆರಿಕದವರಿಗೆ ನೇರವಾಗಿ ನುಗ್ಗಲು ಧೈರ್ಯ ಬಂದಿದ್ದು ಅವರ ಹಳೆಯ ಆರ್ಬಿಟರ್‌ಗಳಿಂದ. ಎಂಆರ್‌ಒ ಎಂಬ ಆರ್ಬಿಟರ್ 2006ರಿಂದ ಅಲ್ಲಿ ಸುತ್ತುತ್ತಿದೆ. ಇಳಿಯುವ ಜಾಗದ ಒಂದೊಂದು ಬಂಡೆಯ ಫೋಟೊ ವರ್ಷಗಳ ಮೊದಲೇ ಅವರ ಕೈಯಲ್ಲಿತ್ತು. ಆ ನಕ್ಷೆಯನ್ನು ರೋವರ್‌ನ ಕಂಪ್ಯೂಟರ್‌ಗೇ ತುಂಬಿ ಕಳಿಸಿದ್ದರು. ಇಳಿದ ಮೇಲೆ ಮಾತು ದಾಟಿಸಲೂ ಆರ್ಬಿಟರ್‌ಗಳು ಸಿದ್ಧವಾಗಿದ್ದವು. ಅಂದರೆ ಪರ್ಸಿವರೆನ್ಸ್ ಒಂಟಿಯಾಗಿ ಹೋದಂತೆ ಕಂಡರೂ ಅದರ ಆರ್ಬಿಟರ್ 15 ವರ್ಷ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. ಚೀನಾಕ್ಕೆ ಅಲ್ಲಿ ಒಂದೂ ಇರಲಿಲ್ಲ. ಕಣ್ಣು, ಬಾಯಿ ಎರಡನ್ನೂ ಜೊತೆಗೇ ಹೊತ್ತು ತರಬೇಕಿತ್ತು.

ಮೊದಲು ಕಕ್ಷೆ, ಆಮೇಲೆ ಇಳಿಯುವುದು ಎಂಬ ಕ್ರಮ ಹೊಸದೇನಲ್ಲ. 1976ರಲ್ಲಿ ಅಮೆರಿಕದ ವೈಕಿಂಗ್-1 ಹೀಗೇ ಮಾಡಿತ್ತು. ದೇಶದ ಇನ್ನೂರನೇ ವರ್ಷದ ಹಬ್ಬ ಎಂದು ಜುಲೈ 4ರಂದೇ ಇಳಿಸುವ ಯೋಜನೆ ಇತ್ತು. ಕಕ್ಷೆಯಿಂದ ತೆಗೆದ ಫೋಟೊ ನೋಡಿದರೆ ಆರಿಸಿದ ಜಾಗ ಅಂದುಕೊಂಡದ್ದಕ್ಕಿಂತ ಬಹಳ ಒರಟಾಗಿತ್ತು. ಹಬ್ಬವನ್ನು ಬಿಟ್ಟು ಬೇರೆ ಜಾಗ ಹುಡುಕಿ, ಜುಲೈ 20ರಂದು ಇಳಿಸಿದರು. ಗೆದ್ದರು. ಹಬ್ಬದ ದಿನವೇ ಬೇಕು ಎಂದು ಹಟ ಹಿಡಿದಿದ್ದರೆ ಏನಾಗುತ್ತಿತ್ತೋ.

ಹೀಗೆ ಕಾಯುವುದಕ್ಕೆ ಬೆಲೆಯೂ ಇದೆ. ಲ್ಯಾಂಡರ್ ಮತ್ತು ರೋವರ್ ಸೇರಿ ಸುಮಾರು 1.3 ಟನ್. ನೇರವಾಗಿ ಇಳಿಸಿದರೆ ಅದರ ವೇಗವನ್ನು ಗಾಳಿಯೇ ತಗ್ಗಿಸುತ್ತದೆ. ಕಕ್ಷೆಗೆ ಒಯ್ಯಬೇಕಾದರೆ ಆ 1.3 ಟನ್ನಿಗೂ ಎಂಜಿನ್‌ನಿಂದಲೇ ಬ್ರೇಕ್ ಹಾಕಬೇಕು. ಅದಕ್ಕೆ ಬೇಕಾದ ಇಂಧನವನ್ನು ಭೂಮಿಯಿಂದಲೇ ಹೊರಬೇಕು. ಬದಲಿಗೆ ಎರಡು ಲಾಭ ಸಿಗುತ್ತದೆ. ಹವೆ ನೋಡಿ ದಿನ ಗೊತ್ತು ಮಾಡಬಹುದು. ಜೊತೆಗೆ ಕಕ್ಷೆಯಿಂದ ಇಳಿಯುವಾಗ ವೇಗ ಸ್ವಲ್ಪ ಕಡಿಮೆ: ತಿಯಾನ್‌ವೆನ್-1ರ ಲ್ಯಾಂಡರ್ ಸೆಕೆಂಡಿಗೆ ಸುಮಾರು 4.8 ಕಿ.ಮೀ. ವೇಗದಲ್ಲಿ ವಾತಾವರಣ ಹೊಕ್ಕಿತು, ಪರ್ಸಿವರೆನ್ಸ್ 5 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ. ಚಿಕ್ಕ ವ್ಯತ್ಯಾಸ ಅನ್ನಿಸಬಹುದು. ಆದರೆ ತಗ್ಗಿಸಬೇಕಾದ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ, ಹಾಗಾಗಿ ಬಿಸಿ ತಡೆಯುವ ಕವಚಕ್ಕೆ ಅದು ದೊಡ್ಡದೇ.

ಮೊದಲ ಕಕ್ಷೆ ಬಹಳ ಉದ್ದನೆಯದು, ಒಂದು ಸುತ್ತಿಗೆ ಹತ್ತು ದಿನ. ಫೆಬ್ರವರಿ 24ರಂದು ಅದನ್ನು ಕುಗ್ಗಿಸಿ ಎರಡು ಮಂಗಳದ ದಿನಕ್ಕೆ ಒಂದು ಸುತ್ತು ಬರುವಂತೆ ಮಾಡಿದರು. ಹತ್ತಿರ ಬಂದಾಗ ನೆಲದಿಂದ 280 ಕಿ.ಮೀ., ದೂರ ಹೋದಾಗ 59,000 ಕಿ.ಮೀ. ಈ ಅಳತೆ ಸುಮ್ನೆ ಆರಿಸಿದ್ದಲ್ಲ. ಪೂರ್ಣ ದಿನಗಳ ಲೆಕ್ಕದಲ್ಲಿ ಸುತ್ತಿದರೆ ಪ್ರತಿ ಸುತ್ತಿನಲ್ಲೂ ಅದೇ ಜಾಗದ ಮೇಲೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಾಯಬಹುದು. ಇಳಿಯಬೇಕಾದ ಜಾಗವನ್ನು ಮತ್ತೆ ಮತ್ತೆ ನೋಡಬಹುದು. 70 ಸೆಂ.ಮೀ. ಅಳತೆಯ ವಿವರ ಕಾಣುವ ಫೋಟೊಗಳು ಬಂದವು.

ಆರಿಸಿದ ಜಾಗ ಯುಟೋಪಿಯಾ ಪ್ಲಾನಿಶಿಯಾ ಎಂಬ ಬಯಲಿನ ದಕ್ಷಿಣ ಭಾಗ. ಇದೇ ಬಯಲಿನ ಬೇರೊಂದು ಕಡೆ 1976ರಲ್ಲಿ ವೈಕಿಂಗ್-2 ಇಳಿದಿತ್ತು. ಬಯಲು ಚಪ್ಪಟೆಯಾಗಿದೆ, ಬಂಡೆಗಳು ಕಡಿಮೆ. ಮಂಗಳದ ಸರಾಸರಿ ಮಟ್ಟಕ್ಕಿಂತ ಸುಮಾರು 4 ಕಿ.ಮೀ. ತಗ್ಗಿನಲ್ಲಿದೆ. ತಗ್ಗು ಇದ್ದಷ್ಟೂ ಮೇಲೆ ಗಾಳಿ ಜಾಸ್ತಿ, ಪ್ಯಾರಾಶೂಟ್‌ಗೆ ಕೆಲಸ ಮಾಡಲು ಹೊತ್ತು ಜಾಸ್ತಿ. 25 ಡಿಗ್ರಿ ಉತ್ತರದಲ್ಲಿರುವುದರಿಂದ ಬಿಸಿಲೂ ಪರವಾಗಿಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿ ಸಮುದ್ರ ಇದ್ದಿರಬಹುದು ಎಂಬ ವಾದ ಬೇರೆ ಇತ್ತು. ಇಂಜಿನಿಯರ್‌ಗಳೂ ವಿಜ್ಞಾನಿಗಳೂ ಒಂದೇ ಜಾಗಕ್ಕೆ ಒಪ್ಪುವುದು ಅಪರೂಪ. ಇಲ್ಲಿ ಇಬ್ಬರಿಗೂ ಬೇಕಾದ್ದು ಸಿಕ್ಕಿತ್ತು.

ಒಂಬತ್ತು ನಿಮಿಷ

ಮಂಗಳದಲ್ಲಿ ಇಳಿಯುವುದು ಚಂದ್ರನಲ್ಲಿ ಇಳಿಯುವುದಕ್ಕಿಂತಲೂ, ಭೂಮಿಗೆ ಮರಳುವುದಕ್ಕಿಂತಲೂ ಕಷ್ಟ. ಚಂದ್ರನಲ್ಲಿ ಗಾಳಿಯೇ ಇಲ್ಲ, ಹಾಗಾಗಿ ಕೊನೆಯವರೆಗೂ ಎಂಜಿನ್ ಸಾಕು. ಭೂಮಿಯಲ್ಲಿ ದಪ್ಪ ಗಾಳಿ ಇದೆ, ಬಿಸಿ ತಡೆಯುವ ಕವಚ ಮತ್ತು ಪ್ಯಾರಾಶೂಟ್ ಹೆಚ್ಚುಕಡಿಮೆ ಸಾಕು. ಮಂಗಳದ ಗಾಳಿಯ ಒತ್ತಡ ಭೂಮಿಯ ನೂರರಲ್ಲಿ ಒಂದು ಪಾಲೂ ಇಲ್ಲ. ನೌಕೆಯನ್ನು ಸುಟ್ಟುಹಾಕುವಷ್ಟು ಇದೆ, ಮೆತ್ತಗೆ ಇಳಿಸುವಷ್ಟು ಇಲ್ಲ. ಹೀಗಾಗಿ ಬಿಸಿ ತಡೆಯುವ ಕವಚ, ಪ್ಯಾರಾಶೂಟ್, ಎಂಜಿನ್ ಮೂರೂ ಬೇಕು. ಒಂದರಿಂದ ಇನ್ನೊಂದಕ್ಕೆ ಬದಲಾಗುವ ಕ್ಷಣವೂ ತಪ್ಪಬಾರದು.

ಆ ಕ್ಷಣ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2016ರ ಅಕ್ಟೋಬರ್ 19ರಂದು ಯುರೋಪಿನ ಶಿಯಾಪರೆಲ್ಲಿ ಲ್ಯಾಂಡರ್ ತೋರಿಸಿತು. ಪ್ಯಾರಾಶೂಟ್ ಬಿಚ್ಚಿಕೊಂಡಾಗ ನೌಕೆ ಜೋರಾಗಿ ಹೊಯ್ದಾಡಿತು. ತಿರುಗುವ ವೇಗ ಅಳೆಯುವ ಉಪಕರಣ ತನ್ನ ಮಿತಿ ಮುಟ್ಟಿ ತಪ್ಪು ಅಂಕಿ ಕೊಟ್ಟಿತು. ಕಂಪ್ಯೂಟರ್ ಅದನ್ನೇ ನಂಬಿ ಲೆಕ್ಕ ಹಾಕಿದಾಗ ಎತ್ತರ ಸೊನ್ನೆಗಿಂತ ಕಡಿಮೆ ಎಂದು ಬಂತು. ಅಂದರೆ ನೆಲದ ಕೆಳಗಿದ್ದೇವೆ ಎಂಬ ಲೆಕ್ಕ! ನಿಜಕ್ಕೂ ಅದು ಸುಮಾರು 3.7 ಕಿ.ಮೀ. ಮೇಲಿತ್ತು. ಇಳಿದಾಯಿತು ಎಂದುಕೊಂಡು ಪ್ಯಾರಾಶೂಟ್ ಕಳಚಿತು, ಎಂಜಿನ್ ಕೆಲವೇ ಸೆಕೆಂಡ್ ಉರಿದು ನಿಂತಿತು. ಉಳಿದದ್ದು ಬೀಳುವುದೊಂದೇ. ಅದರ ಜೊತೆ ಬಂದಿದ್ದ ಆರ್ಬಿಟರ್ ಮಾತ್ರ ಕಕ್ಷೆ ಸೇರಿ ಕೆಲಸ ಮಾಡಿತು.

ತಿಯಾನ್‌ವೆನ್-1ರ ಸರದಿ ಬಂದಿದ್ದು 2021ರ ಮೇ 15ರ ಬೆಳಗ್ಗೆ, ಬೀಜಿಂಗ್ ಸಮಯ. ಇಲ್ಲೂ ಆರ್ಬಿಟರ್‌ನದೇ ಮೊದಲ ಕೆಲಸ, ಅದೂ ಅಪಾಯದ ಕೆಲಸ. ಲ್ಯಾಂಡರನ್ನು ಹೊತ್ತುಕೊಂಡೇ ಅದು ವಾತಾವರಣಕ್ಕೆ ಬೀಳುವ ದಾರಿಗೆ ಇಳಿಯಿತು. ನೆಲ ಮುಟ್ಟಲು ಸುಮಾರು ಮೂರು ಗಂಟೆ ಇರುವಾಗ ಲ್ಯಾಂಡರನ್ನು ಬಿಟ್ಟಿತು. ಸುಮಾರು ಅರ್ಧ ಗಂಟೆಯ ಮೇಲೆ ಎಂಜಿನ್ ಉರಿಸಿ ತಾನು ಮತ್ತೆ ಮೇಲೆ ಹೋಯಿತು. ಬಿಡುವುದು ತಡವಾದರೂ, ಮೇಲೇರುವುದು ತಪ್ಪಿದರೂ ಎರಡೂ ಹೋಗುತ್ತಿದ್ದವು.

ಲ್ಯಾಂಡರ್ 125 ಕಿ.ಮೀ. ಎತ್ತರದಲ್ಲಿ ವಾತಾವರಣ ಹೊಕ್ಕಿತು. ಐದು ನಿಮಿಷದೊಳಗೆ ಗಾಳಿಯ ಉಜ್ಜಾಟದಿಂದಲೇ ವೇಗ ಸೆಕೆಂಡಿಗೆ 4.8 ಕಿ.ಮೀ.ನಿಂದ ಸುಮಾರು 460 ಮೀಟರ್‌ಗೆ ಇಳಿಯಿತು. ವೇಗದ ಹತ್ತರಲ್ಲಿ ಒಂಬತ್ತು ಪಾಲನ್ನು ತಿಂದದ್ದು ಆ ತೆಳ್ಳನೆಯ ಗಾಳಿಯೇ. ಕವಚದ ಬದಿಯಲ್ಲಿ ಒಂದು ಪುಟ್ಟ ರೆಕ್ಕೆ ಬಿಚ್ಚಿಕೊಂಡು ನೌಕೆಯನ್ನು ನೆಟ್ಟಗೆ ಮಾಡಿದ ಮೇಲೆ ಸುಮಾರು 200 ಚದರ ಮೀಟರಿನ ಪ್ಯಾರಾಶೂಟ್ ಅರಳಿತು. ಅದು ವೇಗವನ್ನು ಸೆಕೆಂಡಿಗೆ ನೂರು ಮೀಟರಿನ ಒಳಗೆ ತಂದಿತು. ಆಮೇಲೆ 7,500 ನ್ಯೂಟನ್ ಎಂಜಿನ್ ಹೊತ್ತಿತು. ನೆಲದಿಂದ ನೂರು ಮೀಟರ್ ಮೇಲೆ ಲ್ಯಾಂಡರ್ ಗಾಳಿಯಲ್ಲೇ ನಿಂತು ಕೆಳಗೆ ನೋಡಿತು. ಹಳ್ಳ, ಕಲ್ಲು ಇಲ್ಲದ ಕಡೆಗೆ ಪಕ್ಕಕ್ಕೆ ಸರಿದು, ವಾತಾವರಣ ಹೊಕ್ಕ ಸುಮಾರು ಒಂಬತ್ತು ನಿಮಿಷಕ್ಕೆ ಇಳಿಯಿತು. ಬೀಜಿಂಗ್‌ನಲ್ಲಿ ಆಗ 7 ಗಂಟೆ 18 ನಿಮಿಷ.

ಮಂಗಳ ಆಗ ಸುಮಾರು 32 ಕೋಟಿ ಕಿ.ಮೀ. ದೂರಕ್ಕೆ ಹೋಗಿತ್ತು. ಸಂಕೇತ ಬರಲು 17 ನಿಮಿಷಕ್ಕೂ ಹೆಚ್ಚು. ವಾತಾವರಣ ಹೊಕ್ಕ ಸುದ್ದಿ ಭೂಮಿಗೆ ಮುಟ್ಟುವ ಮುಂಚೆಯೇ ಲ್ಯಾಂಡರ್ ಇಳಿದಾಗಿತ್ತು.

ನೆಲದ ಮೇಲೆ

ಇಳಿದ ರೋವರ್‌ನ ಹೆಸರು ಝುರಾಂಗ್. 240 ಕೆ.ಜಿ., ಆರು ಚಕ್ರ, ನಾಲ್ಕು ಸೌರ ಫಲಕ. ಅದು ಲ್ಯಾಂಡರ್ ಮೇಲೆಯೇ ಒಂದು ವಾರ ಕೂತು ಸುತ್ತಲಿನ ಫೋಟೊ ತೆಗೆದು ಕಳಿಸಿತು. ಇಳಿಜಾರು ಹಲಗೆ ಸರಿಯಾಗಿದೆ, ಮುಂದೆ ಕಲ್ಲಿಲ್ಲ ಎಂದು ಖಾತ್ರಿಯಾದ ಮೇಲೆ ಮೇ 22ರಂದು ನೆಲಕ್ಕೆ ಬಂದಿತು. ಕೆಲವು ದಿನದ ಮೇಲೆ ಒಂದು ಕ್ಯಾಮೆರಾವನ್ನು ನೆಲದ ಮೇಲೆ ಇಟ್ಟು, ಹಿಂದಕ್ಕೆ ಹೋಗಿ ಲ್ಯಾಂಡರ್ ಪಕ್ಕ ನಿಂತು ಜೋಡಿ ಫೋಟೊ ತೆಗೆಸಿಕೊಂಡಿತು.

ಮಂಗಳದ ರಾತ್ರಿಯ ಚಳಿ ಸೊನ್ನೆಗಿಂತ ನೂರು ಡಿಗ್ರಿ ಕೆಳಗೆ ಹೋಗಬಹುದು. ಪರ್ಸಿವರೆನ್ಸ್‌ಗೆ ಪ್ಲುಟೋನಿಯಂನ ಶಾಖ ಇದೆ. ಝುರಾಂಗ್‌ಗೆ ಬಿಸಿಲೇ ಗತಿ, ಅದೂ ಮಂಗಳದ ಬಿಸಿಲು ಭೂಮಿಯ ಬಿಸಿಲಿನ ಅರ್ಧಕ್ಕಿಂತ ಕಡಿಮೆ. ಇದಕ್ಕೆ ಅವರು ಮಾಡಿದ ಉಪಾಯ ನನಗೆ ಬಹಳ ಇಷ್ಟ. ರೋವರ್‌ನ ಮೇಲ್ಭಾಗದಲ್ಲಿ ಎರಡು ದುಂಡನೆಯ ಕಿಟಕಿಗಳಿವೆ. ಕೆಳಗೆ ಅನ್‌ಡೆಕೇನ್ ಎಂಬ ಎಣ್ಣೆಯಂಥ ವಸ್ತು ಇದೆ. ಡಿಸೆಂಬರ್ ಚಳಿಗೆ ಡಬ್ಬಿಯಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆಯನ್ನು ಬಿಸಿಲಿಗಿಟ್ಟು ಕರಗಿಸುತ್ತೇವಲ್ಲ, ಹಾಗೆ ಇದು ಹಗಲಿನ ಬಿಸಿಲಿಗೆ ಕರಗುತ್ತದೆ. ಕರಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ರಾತ್ರಿ ಮತ್ತೆ ಗಟ್ಟಿಯಾಗುವಾಗ ಅದೇ ಶಾಖವನ್ನು ಒಳಗಿನ ಉಪಕರಣಗಳಿಗೆ ಬಿಟ್ಟುಕೊಡುತ್ತದೆ. ಅದು ಗಟ್ಟಿಯಾಗುವುದು ಸೊನ್ನೆಗಿಂತ ಸುಮಾರು 26 ಡಿಗ್ರಿ ಕೆಳಗೆ. ನಮಗೆ ಕೊರೆಯುವ ಚಳಿ, ಮಂಗಳದ ರಾತ್ರಿಗೆ ಅದೇ ಬೆಚ್ಚಗೆ. ವಿದ್ಯುತ್ ಬೇಕಿಲ್ಲ, ತಿರುಗುವ ಭಾಗಗಳಿಲ್ಲ, ಕೆಡುವುದಕ್ಕೆ ಏನೂ ಇಲ್ಲ.

ರೋವರ್ ಭೂಮಿಯ ಜೊತೆ ನೇರವಾಗಿ ಮಾತಾಡಬಲ್ಲದು, ಆದರೆ ಬಹಳ ನಿಧಾನ. ಅದರ ಆಂಟೆನಾ ಚಿಕ್ಕದು, ಶಕ್ತಿ ಕಡಿಮೆ. ಫೋಟೊ ಕಳಿಸಬೇಕಾದರೆ ಆರ್ಬಿಟರ್ ಬೇಕು. ರೋವರ್ ಕೆಲವು ನೂರು ಅಥವಾ ಸಾವಿರ ಕಿ.ಮೀ. ಮೇಲಿರುವ ಆರ್ಬಿಟರ್‌ಗೆ ಕೊಡುತ್ತದೆ, ಆರ್ಬಿಟರ್ ತನ್ನ ದೊಡ್ಡ ಆಂಟೆನಾದಿಂದ ಭೂಮಿಗೆ ಕಳಿಸುತ್ತದೆ. ಇದಕ್ಕಾಗಿ ತಿಯಾನ್‌ವೆನ್-1 ತನ್ನ ಕಕ್ಷೆಯನ್ನು ಇನ್ನೂ ಕುಗ್ಗಿಸಿ, ಎಂಟು ಗಂಟೆಗೊಂದು ಸುತ್ತು ಬರುವಂತೆ ಮಾಡಿಕೊಂಡಿತು. ಗ್ರಹದ ನಕ್ಷೆ ಮಾಡುವ ತನ್ನ ಸ್ವಂತ ಕೆಲಸವನ್ನು ಅದು ಪೂರ್ತಿಯಾಗಿ ಕೈಗೆತ್ತಿಕೊಂಡಿದ್ದು ನವೆಂಬರಿನಲ್ಲಿ. ಅಲ್ಲಿಯವರೆಗೆ ರೋವರ್‌ನ ಚಾಕರಿ.

ಆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಸೂರ್ಯ ಭೂಮಿಗೂ ಮಂಗಳಕ್ಕೂ ಅಡ್ಡ ಬಂದ. ಸೂರ್ಯನ ಗದ್ದಲದಲ್ಲಿ ಸಂಕೇತ ಕೆಡುವುದರಿಂದ ಎರಡೂ ನೌಕೆಗಳು ಸುಮಾರು 50 ದಿನ ಯಾವ ಆದೇಶವೂ ಇಲ್ಲದೆ ತಮ್ಮ ಪಾಡಿಗೆ ತಾವಿದ್ದವು. ನವೆಂಬರಿನಲ್ಲಿ ಒಂದು ವಿಚಿತ್ರ ಪ್ರಯೋಗವೂ ನಡೆಯಿತು. ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ಆರ್ಬಿಟರ್ ಮೂಲಕ ಝುರಾಂಗ್‌ನ ಮಾಹಿತಿ ದಾಟಿಸಬಹುದೇ ಎಂದು ನೋಡಿದರು. ಮಾರ್ಸ್ ಎಕ್ಸ್‌ಪ್ರೆಸ್ ಕೂಗುವ ತರಂಗವನ್ನು ಕೇಳಲು ಝುರಾಂಗ್‌ಗೆ ಬರುವುದಿಲ್ಲ. ಹಾಗಾಗಿ ಯಾರಾದರೂ ಕೇಳುತ್ತಿದ್ದಾರೋ ಇಲ್ಲವೋ ಗೊತ್ತಿಲ್ಲದೆಯೇ ಅದು ಗೊತ್ತು ಮಾಡಿದ ಹೊತ್ತಿಗೆ ಆಕಾಶದ ಕಡೆ ಮಾಹಿತಿ ಕಳಿಸಿತು. ಮೇಲೆ ಹಾದುಹೋಗುತ್ತಿದ್ದ ಮಾರ್ಸ್ ಎಕ್ಸ್‌ಪ್ರೆಸ್ ಕೇಳಿಸಿಕೊಂಡು ಭೂಮಿಗೆ ತಲುಪಿಸಿತು.

ಧೂಳು ಗೆದ್ದಿತು

ಝುರಾಂಗ್‌ನ ಆಯಸ್ಸು 90 ಮಂಗಳದ ದಿನ ಎಂದು ಲೆಕ್ಕ ಹಾಕಿದ್ದರು. ಅದು ಸುಮಾರು ಒಂದು ಭೂಮಿಯ ವರ್ಷ ಓಡಾಡಿತು. ಕ್ರಮಿಸಿದ ದೂರ 1,921 ಮೀಟರ್. ಎರಡು ಕಿ.ಮೀ.ಗೂ ಕಡಿಮೆ ಎಂದು ಮೂಗು ಮುರಿಯಬೇಡಿ. ಪ್ರತಿ ದಿನದ ದಾರಿಯನ್ನು ಕೋಟ್ಯಂತರ ಕಿ.ಮೀ. ದೂರದಲ್ಲಿ ಕೂತು, ಹಿಂದಿನ ದಿನದ ಫೋಟೊ ನೋಡಿ ಬರೆಯಬೇಕು.

2022ರ ಮೇ 18ರಂದು ಚಳಿಗಾಲ ಮತ್ತು ಧೂಳಿನ ಗಾಳಿ ಹತ್ತಿರ ಬಂದಾಗ ರೋವರನ್ನು ನಿದ್ದೆಗೆ ಹಾಕಿದರು. ಡಿಸೆಂಬರ್ ಹೊತ್ತಿಗೆ ಬಿಸಿಲು ಏರಿದಾಗ ತಾನೇ ಏಳಬೇಕಿತ್ತು. ಏಳಲಿಲ್ಲ. 2023ರ ಫೆಬ್ರವರಿಯಲ್ಲಿ ಅಮೆರಿಕದ ಎಂಆರ್‌ಒ ಮೇಲಿನಿಂದ ತೆಗೆದ ಫೋಟೊದಲ್ಲಿ ರೋವರ್ ಹಿಂದಿನ ಸೆಪ್ಟೆಂಬರಿನಲ್ಲಿ ಇದ್ದ ಜಾಗದಲ್ಲೇ ಇತ್ತು. ಯೋಜನೆಯ ಮುಖ್ಯ ವಿನ್ಯಾಸಕಾರ ಜಾಂಗ್ ರೊಂಗ್‌ಚಾವ್ ಆ ಏಪ್ರಿಲ್‌ನಲ್ಲಿ ಹೇಳಿದ ಕಾರಣ ಇದು: ಸೌರ ಫಲಕಗಳ ಮೇಲೆ ಅಂದಾಜಿಗೂ ಮೀರಿ ಧೂಳು ಕೂತಿರಬೇಕು. ಅಮೆರಿಕದ ಆಪರ್ಚುನಿಟಿ ರೋವರ್ ಕೂಡ 2018ರಲ್ಲಿ ಧೂಳಿಗೇ ಸೋತಿತ್ತು.

ಅಷ್ಟರಲ್ಲಿ ಝುರಾಂಗ್ ತನ್ನ ಕೆಲಸ ಮಾಡಿ ಮುಗಿಸಿತ್ತು. ಅದರ ಹೊಟ್ಟೆಯಲ್ಲಿ ನೆಲದೊಳಗೆ ಇಣುಕುವ ರೇಡಾರ್ ಇತ್ತು. 80 ಮೀಟರ್ ಆಳದವರೆಗೆ ದ್ರವರೂಪದ ನೀರಿನ ಗುರುತು ಸಿಗಲಿಲ್ಲ ಎಂದು 2022ರಲ್ಲಿ ವರದಿ ಬಂತು. ಅದೇ ರೇಡಾರ್ ಮಾಹಿತಿಯನ್ನು ಮತ್ತೆ ಕೂತು ನೋಡಿದ ವಿಜ್ಞಾನಿಗಳು 2025ರಲ್ಲಿ ಇನ್ನೊಂದು ವಿಷಯ ಹೇಳಿದರು. 10ರಿಂದ 35 ಮೀಟರ್ ಆಳದಲ್ಲಿ, ಒಂದೇ ದಿಕ್ಕಿಗೆ ವಾಲಿದ ಪದರಗಳಿವೆ. ಭೂಮಿಯಲ್ಲಿ ಅಲೆಗಳು ಮರಳು ತಂದು ಕಟ್ಟಿದ ಕಡಲ ದಂಡೆಯ ಕೆಳಗೆ ಸಿಗುವ ಪದರಗಳೂ ಹೀಗೇ ಇರುತ್ತವೆ. ಹಳೆಯ ಸಮುದ್ರದ ವಾದಕ್ಕೆ ಇದು ದೊಡ್ಡ ಬಲ ಕೊಟ್ಟಿದೆ. ವಾದ ಇನ್ನೂ ಮುಗಿದಿಲ್ಲ, ಅದು ಬೇರೆ ಮಾತು.

ಆರ್ಬಿಟರ್ ಮಾತ್ರ ಸುತ್ತುತ್ತಲೇ ಇತ್ತು. 2022ರ ಜೂನ್ ಹೊತ್ತಿಗೆ ಇಡೀ ಮಂಗಳದ ಫೋಟೊ ತೆಗೆದು ಮುಗಿಸಿತು. ಅದರಿಂದ ಮಾಡಿದ ಬಣ್ಣದ ನಕ್ಷೆ ಮುಂದಿನ ವರ್ಷ ಹೊರಬಂತು. 2025ರ ಅಕ್ಟೋಬರಿನಲ್ಲಿ ಬೇರೆ ನಕ್ಷತ್ರದ ಕಡೆಯಿಂದ ಬಂದ 3ಐ/ಅಟ್ಲಾಸ್ ಧೂಮಕೇತು ಮಂಗಳದಿಂದ ಸುಮಾರು 3 ಕೋಟಿ ಕಿ.ಮೀ. ದೂರದಲ್ಲಿ ಹಾದುಹೋದಾಗ, ನೆಲ ನೋಡಲೆಂದು ಮಾಡಿದ್ದ ಕ್ಯಾಮೆರಾವನ್ನು ಆಕಾಶದ ಕಡೆ ತಿರುಗಿಸಿ ಅದರ ಫೋಟೊವನ್ನೂ ತೆಗೆಯಿತು.

ಮಂಗಳಕ್ಕೆ ಚೀನಾದ ಮುಂದಿನ ಯೋಜನೆ ತಿಯಾನ್‌ವೆನ್-3. 2028ರ ಸುಮಾರಿಗೆ ಹೊರಟು, ಮಂಗಳದ ಕಲ್ಲು ಮಣ್ಣನ್ನು ಕನಿಷ್ಠ 500 ಗ್ರಾಂ ಆದರೂ ಭೂಮಿಗೆ ತರಬೇಕು ಎಂಬುದು ಗುರಿ. ಈ ಸಲ ಲಾಂಗ್ ಮಾರ್ಚ್-5 ಒಂದು ಸಾಲುವುದಿಲ್ಲ, ಎರಡು ಬೇಕು. ಒಂದರಲ್ಲಿ ಲ್ಯಾಂಡರ್ ಮತ್ತು ಮಂಗಳದ ನೆಲದಿಂದ ಮೇಲೆ ಹಾರುವ ಪುಟ್ಟ ರಾಕೆಟ್. ಇನ್ನೊಂದರಲ್ಲಿ ಆರ್ಬಿಟರ್ ಮತ್ತು ಭೂಮಿಗೆ ಮರಳುವ ಕೋಶ. ಕೆಳಗಿನಿಂದ ಹಾರಿಬಂದ ಮಣ್ಣಿನ ಡಬ್ಬಿಯನ್ನು ಕಕ್ಷೆಯಲ್ಲಿ ಹುಡುಕಿ ಹಿಡಿದು, ಮನೆಗೆ ತರುವ ಕೆಲಸ ಮತ್ತೆ ಆರ್ಬಿಟರ್‌ನ ಪಾಲಿಗೇ ಬಂದಿದೆ.